ಮಲ್ಲಿಗೆ ಹಾರದ ಕೆಳಗೆ ನಿಮ್ಮ ಹೆಸರು

ಸಲಾತಿಗಾ
ಬುಧವಾರ, 11 ಜೂನ್ 2025

ಮಾಸ್ ತರ್ಮುದಿಯವರಿಗೆ,

ಕುಸ್ಮಿಯಾತಿಯ ಸಲಾಮು. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ಒಡೆಯದೆ ಮೂಲೆಗೆ ಎಸೆದುಬಿಡುತ್ತೀರೇನೋ ಎಂಬ ಭಯಕ್ಕೆ ವಿಳಾಸವನ್ನು ಪಕ್ಕದ ಮನೆಯ ದಾರ್ಸಿಯಕ್ಕನ ಕೈಯಲ್ಲಿ ಬರೆಸಲಿದ್ದೇನೆ. ಇಷ್ಟು ಮೋಸವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಫೋನು ಮಾಡೋಣವೆಂದರೆ ನನ್ನ ನಂಬರನ್ನು ನೀವು ಬ್ಲಾಕ್ ಮಾಡಿ ನಾಲ್ಕು ವರ್ಷವಾಯಿತು. ಹೇಗೂ ನಿಮಗೆ ಕಾಗದವೆಂದರೆ ಪ್ರೀತಿ. ಕಾಗದದಲ್ಲೇ ಬರೆಯುತ್ತೇನೆ, ಕುಳಿತು ಓದಿ.

ವಿಷಯ ಒಂದೇ. ಇಪ್ಪತ್ತೆರಡನೇ ತಾರೀಕು ಭಾನುವಾರ ನಮ್ಮ ಕಿನಾಂತಿಯ ನಿಕಾಹ್. ನೀವು ಬರುವುದಿಲ್ಲವಂತೆ. ನಿಮ್ಮ ಬದಲು ಮದುವೆ ಕಚೇರಿಯ ಅಧಿಕಾರಿಯೇ ಹುಡುಗಿಯನ್ನು ಒಪ್ಪಿಸುವ ವಲಿಯಾಗಿ ಕೂರಲಿ ಎಂದು ಪೆಕಲೋಂಗನ್ನಿನಿಂದ ಬರೆದುಕೊಟ್ಟು ಕಳಿಸುತ್ತೀರಂತೆ. ಕಾನೂನಿಗೆ ಅದು ಸಾಕಂತೆ. ತಂದೆ ಸತ್ತವರಿಗೆ, ತಂದೆ ಎಲ್ಲಿದ್ದಾನೆಂದೇ ಗೊತ್ತಿಲ್ಲದವರಿಗೆ ಬೇರೆ ದಾರಿಯಿಲ್ಲ. ಮೂರು ಗಂಟೆಯ ಬಸ್ಸಿನ ದೂರದಲ್ಲಿ ಗಟ್ಟಿಮುಟ್ಟಾಗಿರುವ ತಂದೆ ಇರುವಾಗ ಯಾರೋ ಗುಮಾಸ್ತನೊಬ್ಬ ಮದುಮಗ ಹನಾಫಿಯ ಕೈ ಹಿಡಿದು ನಮ್ಮ ಮಗಳನ್ನು ಒಪ್ಪಿಸುವುದನ್ನು ನಾನು ನೋಡಲಾರೆ. ಮುಂದೂಡೋಣವೆಂದರೆ ಇದೇ ತಿಂಗಳ ಕೊನೆಗೆ ಸುರೋ ಶುರುವಾಗುತ್ತದೆ. ಆ ತಿಂಗಳಲ್ಲಿ ಮದುವೆ ಮಾಡಲು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ಎಲ್ಲರಿಗಿಂತ ಮೊದಲು ನೀವೇ ಒಪ್ಪುವುದಿಲ್ಲ.

ನಿಮ್ಮ ಸಿಟ್ಟಿನ ಕಾರಣ ನನಗೆ ಗೊತ್ತು. ಆಮಂತ್ರಣದಲ್ಲಿ ನಿಮ್ಮ ಹೆಸರಿರಲಿಲ್ಲ. ಅದು ಹೇಗಾಯಿತು ಎಂದು ಹೇಳಲೆಂದೇ ಈ ಪತ್ರ.

ನಾನು ಫೋನಿಗೆ ಕಳಿಸುವ ಆಮಂತ್ರಣ ಮಾಡುತ್ತೇನೆ ಎಂದರೆ ನೀವು ಈಗಲೂ ಮುಖ ಸಿಂಡರಿಸುತ್ತೀರಿ. ಕಪಾಟಿನಲ್ಲಿ ಎತ್ತಿಡಲಾಗದ್ದು ಆಮಂತ್ರಣವೇ ಅಲ್ಲ ಎಂಬುದು ನಿಮ್ಮ ಮಾತು. ಆದರೆ ಆ ಕೆಲಸ ನೀವು ಅಂದುಕೊಂಡಷ್ಟು ಬೇರೆಯದಲ್ಲ. ನಮ್ಮ ಪ್ರಿಂಟಿಂಗ್ ಅಂಗಡಿಯಲ್ಲಿ ನಾಲ್ಕು ಬಣ್ಣದ ಕಾರ್ಡಿಗೆ ನಾಲ್ಕು ಸ್ಕ್ರೀನ್ ಇರುತ್ತಿದ್ದವಲ್ಲ. ಮೊದಲು ನೆಲದ ಬಣ್ಣ, ಆಮೇಲೆ ಹೂವು, ಆಮೇಲೆ ಅಕ್ಷರ, ಎಲ್ಲ ಒಣಗಿದ ಮೇಲೆ ಚಿನ್ನದ ಶಾಯಿ. ಕ್ರಮ ತಪ್ಪಿದರೆ ಹೂವು ಬಂದು ಮದುಮಗನ ಹೆಸರಿನ ಮೇಲೆ ಕೂರುತ್ತಿತ್ತು. ಕಂಪ್ಯೂಟರಿನಲ್ಲೂ ಅಷ್ಟೇ. ಚಿತ್ರಕ್ಕೊಂದು ಪದರ, ಅಕ್ಷರಕ್ಕೊಂದು ಪದರ, ಬಟನ್ನಿಗೊಂದು ಪದರ. ಪರದೆಯ ಎಡಗಡೆ ಅವೆಲ್ಲದರ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಮೇಲಿರುವುದು ಕೆಳಗಿನದನ್ನು ಮುಚ್ಚುತ್ತದೆ. ನಮಗೆ ಬೇಕಾದ್ದನ್ನು ಮೌಸಿನಲ್ಲಿ ಹಿಡಿದು ಎಳೆದು ಬೇಕಾದ ಕಡೆ ಬಿಡಬೇಕು. ಒಣಗುವುದನ್ನು ಕಾಯುವ ಕೆಲಸವಿಲ್ಲ, ಅದೊಂದೇ ವ್ಯತ್ಯಾಸ.

ಎಳೆದು ಬಿಡುವುದರಲ್ಲಿ ಒಂದು ಸೂಕ್ಷ್ಮವಿದೆ. ಎಳೆಯುವಾಗ ನೀಲಿ ಗೆರೆ ಕಂಡರೆ ಆ ವಸ್ತು ಎರಡು ಪದರಗಳ ನಡುವೆ ಬೀಳುತ್ತದೆ. ನೀಲಿ ಚೌಕ ಕಂಡರೆ ಬೇರೊಂದರ ಹೊಟ್ಟೆಯೊಳಗೆ ಬೀಳುತ್ತದೆ. ಎರಡಕ್ಕೂ ಕೂದಲೆಳೆಯಷ್ಟು ಅಂತರ. ನನ್ನ ಕನ್ನಡಕ ಹಳೆಯದು. ಹೋದ ವರ್ಷ ಒಂದು ಮದುವೆಯ ಪುಟದಲ್ಲಿ ಮೇಲ್ಮುಚ್ಚಿಗೆಯ ಪದರ ಹೀಗೇ ತಪ್ಪಾಗಿ ಬಿದ್ದು, ಆಮಂತ್ರಣ ತೆರೆಯುವ ಬಟನ್ ಅದರಡಿ ಸಿಕ್ಕಿಕೊಂಡಿತು. ಸುರಬಾಯಾದ ಒಬ್ಬ ಹಿರಿಯರು ಕಾಲು ಗಂಟೆ ಹೂಬುಟ್ಟಿಯನ್ನೇ ನೋಡುತ್ತ ಕೂತಿದ್ದು, ಹೂವು ಬಹಳ ಚೆನ್ನಾಗಿದೆ, ಮದುವೆ ಯಾರದು ಎಂದು ಕೇಳಿ ಕಳಿಸಿದರು. ನೀವು ನಗಬಹುದು, ನಾನೂ ನಕ್ಕಿದ್ದೆ.

ನಮ್ಮ ಮಗಳ ಪುಟವನ್ನು ನಾನೇ ಮಾಡಿದೆ. ಈ ಕೆಲಸವನ್ನು ನನಗೆ ಕಲಿಸಿದವಳು ಅವಳೇ ಆದರೂ, ಮದುಮಗಳು ತನ್ನ ಆಮಂತ್ರಣ ತಾನೇ ಮಾಡಿಕೊಳ್ಳುವುದು ಚೆಂದವಲ್ಲ ಎಂದೆ. ತಲೆಯಲ್ಲಿ ಅವರಿಬ್ಬರ ಹೆಸರು, ಕೆಳಗೆ 'ತರ್ಮುದಿ ಮತ್ತು ಕುಸ್ಮಿಯಾತಿ ಅವರ ಪುತ್ರಿ' ಎಂಬ ಸಾಲು, ಅದರ ಮೇಲೊಂದು ಮಲ್ಲಿಗೆ ಹಾರ. ಜೂನ್ ಒಂದರಂದು ಪುಟವನ್ನು ಊರಿಗೆಲ್ಲ ಬಿಟ್ಟೆವು. ಎರಡನೇ ದಿನ ಕುದುಸ್‌ನಿಂದ ಹನಾಫಿಯ ಸೋದರತ್ತೆ ಕಿನಾಂತಿಗೆ ಫೋನು ಮಾಡಿ, ಬಹಳ ಮೆತ್ತಗೆ, ಹುಡುಗಿಯ ತಂದೆ ತೀರಿಕೊಂಡು ಎಷ್ಟು ದಿನವಾಯಿತು ಎಂದು ವಿಚಾರಿಸಿದರಂತೆ. ತೀರಿಕೊಂಡವರಾದರೂ ಹೆಸರಿನ ಹಿಂದೆ 'ಅಲ್ಮರ್ಹುಮ್' ಎಂದು ಸೇರಿಸಿ ಹಾಕುವುದು ಪದ್ಧತಿಯಲ್ಲವೇ, ಮರೆತಿದ್ದೀರೇನೋ ಎಂದರಂತೆ. ಆಗಲೇ ನಮಗೆ ಗೊತ್ತಾದದ್ದು. ಕಂಪ್ಯೂಟರಿನಲ್ಲಿ ಸಾಲು ಪೂರ್ತಿ ಕಾಣುತ್ತಿತ್ತು. ಫೋನಿನಲ್ಲಿ 'ಕುಸ್ಮಿಯಾತಿ ಅವರ ಪುತ್ರಿ' ಎಂದು ಮಾತ್ರ ಇತ್ತು. ಆಮಂತ್ರಣವನ್ನು ಕಂಪ್ಯೂಟರಿನಲ್ಲಿ ನೋಡುವವರು ಯಾರೂ ಇಲ್ಲ.

ಅದೇ ಹೊತ್ತಿಗೆ ನೀವೂ ನೋಡಿದ್ದಿರಿ. ನಿಮ್ಮ ಅತ್ತಿಗೆ ಪಾರ್ತಿಯಕ್ಕ ಆಮೇಲೆ ನನಗೆ ಹೇಳಿದರು. ನಿಮ್ಮ ಅಣ್ಣನ ಬಾಟಿಕ್ ಬಟ್ಟೆಯ ಶೆಡ್ಡಿನಲ್ಲಿ ಕೆಲಸದವರನ್ನೆಲ್ಲ ಕರೆದು, ಮೇಣದ ಒಲೆಗಳನ್ನು ಆರಿಸಿ, ನನ್ನ ಮಗಳ ಮದುವೆ, ನೋಡಿ ಎಂದು ಎಲ್ಲರೆದುರು ಲಿಂಕ್ ತೆರೆದಿರಂತೆ.

ಮಾರನೇ ಬೆಳಿಗ್ಗೆ ಕಿನಾಂತಿ ಸೆಮರಾಂಗಿನಿಂದ ಮೊದಲ ಬಸ್ಸಿಗೇ ಬಂದಳು. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಅವಳು ಹುಡುಕುವ ರೀತಿ ನಿಮ್ಮದೇ. ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತಾಳೆ, ಉಳಿದದ್ದಕ್ಕೆ ಕೈ ಹಾಕಲು ನನಗೆ ಬಿಡುವುದಿಲ್ಲ. ಹೂವು, ಚಿತ್ರ, ಬಟನ್ ಒಂದೊಂದನ್ನೇ ಅರೆಪಾರದರ್ಶಕ ಮಾಡುತ್ತ ಬಂದಳು. ಹಾರದ ಸರದಿ ಬಂದಾಗ ನಿಲ್ಲಿಸಿದಳು. ನಾನು ಹಾರವನ್ನು ಸಾಲಿನ ಮೇಲೆ ಬಿಡಲು ಹೋಗಿ ಅದರ ಹೊಟ್ಟೆಯೊಳಗೆ ಬಿಟ್ಟಿದ್ದೆ. ಕಂಪ್ಯೂಟರಿನ ಅಗಲದಲ್ಲಿ ಅದು ಪಕ್ಕಕ್ಕೆ ಸರಿದು ಕೂತಿತ್ತು. ಫೋನಿನಲ್ಲಿ ಎಲ್ಲ ಒತ್ತಿಕೊಂಡಾಗ ತನ್ನ ಕೆನೆ ಬಣ್ಣದ ಚೌಕದ ಸಮೇತ ಸಾಲಿನ ಮೇಲೆ ಮಲಗಿಬಿಟ್ಟಿದೆ ಎಂದುಕೊಂಡಳು.

ಹಿಡಿದು ಕೆಳಗೆ ಎಳೆದಳು. ಅದು ಮತ್ತೆ ಮೇಲೆ ಬಂತು. ಮೂರು ಸಲ ಎಳೆದಳು, ಮೂರು ಸಲವೂ ಬಂತು. ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಬಿಟ್ಟೇಳದ ಊರ ಮುಖಂಡರ ಹೆಂಡತಿಯ ಹಾಗೆ ಎಂದು ನಾನು ನಗಿಸಲು ನೋಡಿದೆ, ಅವಳು ನಗಲಿಲ್ಲ. ಕೊನೆಗೆ ಕಾರಣ ಸಿಕ್ಕಿತು. ಪದರಗಳಿಗೆ ಎತ್ತರದ ಸಂಖ್ಯೆಯೂ ಇರುತ್ತದೆ. ಹಿಂದೊಂದು ಮದುವೆಯಲ್ಲಿ ಈ ಹಾರ ಎಲ್ಲೋ ಅಡಗಿ ಹೋಗಿತ್ತೆಂದು ಸಿಟ್ಟಿನಲ್ಲಿ ನಾನು ಅದಕ್ಕೆ ತೊಂಬತ್ತೊಂಬತ್ತು ಎಂದು ಕೊಟ್ಟಿದ್ದೆ. ಹಳೆಯ ಪುಟವನ್ನೇ ನಕಲು ಮಾಡಿ ಹೊಸದು ಮಾಡುವುದು ನಮ್ಮ ಕಸುಬಿನವರ ಅಭ್ಯಾಸ, ಹಾಗಾಗಿ ಆ ಸಂಖ್ಯೆಯೂ ಜೊತೆಗೇ ಬಂದಿತ್ತು. ಅದನ್ನು ಸೊನ್ನೆ ಮಾಡಿ, ಹಾರವನ್ನು ಸಾಲಿನ ಹೊಟ್ಟೆಯಿಂದ ಹೊರಗೆಳೆದ ಮೇಲೆ ಅದು ತೆಪ್ಪಗೆ ಕೆಳಗೆ ಕೂತಿತು.

ಇಷ್ಟೇ ಬರೆದು ಪತ್ರ ಮುಗಿಸಬೇಕೆಂದು ಬೆಳಿಗ್ಗೆ ಕೂತಿದ್ದೆ. ಹಾರ ಅಡ್ಡ ಬಂತು, ಮುದುಕಿಯ ಕಣ್ಣು ಮಂಜು, ಕ್ಷಮಿಸಿ ಬನ್ನಿ ಎಂದು. ಒಂದು ಹಾಳೆ ಹಾಗೇ ಬರೆದೂ ಆಗಿತ್ತು. ಓದಿಕೊಂಡರೆ ನನಗೇ ನಾಚಿಕೆಯಾಯಿತು, ಹರಿದು ಹಾಕಿದೆ. ಬಣ್ಣ ತಾನಾಗಿ ಕೆಳಗೆ ಹೋಗುವುದಿಲ್ಲ, ಯಾರದೋ ಕೈ ಹಾಕಿರುತ್ತದೆ ಎಂದು ಕೆಲಸಗಾರರಿಗೆ ನೀವು ಹೇಳುತ್ತಿದ್ದುದನ್ನು ಇಪ್ಪತ್ತು ವರ್ಷ ಕೇಳಿದವಳು ನಾನು. ನಿಮ್ಮ ಮುಂದೆ ಈ ಕಥೆ ನಿಲ್ಲುವುದಿಲ್ಲ. ಹಾರ ಮುಚ್ಚಿದ್ದರೆ ಇಡೀ ಸಾಲೇ ಮುಚ್ಚಬೇಕಿತ್ತು, ನನ್ನ ಹೆಸರು ಮಾತ್ರ ಹೇಗೆ ಉಳಿಯಿತು ಎಂದು ನೀವು ಎರಡನೇ ಸಲ ಓದುವಾಗ ಕೇಳುತ್ತಿದ್ದಿರಿ.

ಹಾರ ಕೆಳಗಿಳಿದ ಮೇಲೂ ಫೋನಿನಲ್ಲಿ ನಿಮ್ಮ ಹೆಸರು ಬರಲಿಲ್ಲ. ಆ ಹಾರ ಮುಚ್ಚಿದ್ದು ಸಾಲಿನ ಕೆಳಗಿದ್ದ ಮದುವೆಯ ಜಾಗದ ವಿವರವನ್ನು, ನಿಮ್ಮನ್ನಲ್ಲ. ಫೋನು ಹಳೆಯ ಪುಟವನ್ನೇ ಹಿಡಿದಿಟ್ಟುಕೊಂಡಿರಬೇಕು ಎಂದು ಕಿನಾಂತಿ ಅದನ್ನೆಲ್ಲ ಅಳಿಸಿ ಮತ್ತೆ ನೋಡಿದಳು, ಇಲ್ಲ. ತಲೆ ಬಿಸಿಯಾಯಿತು, ಊಟಕ್ಕೆ ಸೋಟೋ ಸಾರು ತರುತ್ತೇನೆ ಎಂದು ಎದ್ದು ಬೀದಿ ಕೊನೆಯ ಗಾಡಿಗೆ ಹೋದಳು. ಅವಳು ಹೊರಟ ಮೇಲೆ ನಾನು ಪಟ್ಟಿಯಲ್ಲಿ ನಿಮ್ಮ ಹೆಸರಿನ ಪದರಕ್ಕೆ ಹೋದೆ; 'ತರ್ಮುದಿ ಮತ್ತು' ಎಂಬುದನ್ನು ಬೇರೆಯೇ ಪದರದಲ್ಲಿ ಹಾಕಿದ್ದೆ. ಪ್ರತಿ ಪದರದ ಪಕ್ಕ ಕಣ್ಣಿನ ಗುರುತಿರುತ್ತದೆ, ಕಂಪ್ಯೂಟರಿಗೆ ಒಂದು, ಫೋನಿಗೆ ಒಂದು. ಮುಚ್ಚಿದರೆ ಆ ಪರದೆಯಲ್ಲಿ ಅದು ಕಾಣುವುದಿಲ್ಲ. ನಿಮ್ಮ ಹೆಸರಿಗೆ ಫೋನಿನ ಕಣ್ಣು ಮುಚ್ಚಿತ್ತು. ತೆರೆದೆ. ಅವಳು ಬಂದಾಗ, ಎಲ್ಲ ಆ ಹಾರದ್ದೇ ಕಿತಾಪತಿ, ಈಗ ಸರಿಹೋಯಿತು ನೋಡು ಎಂದೆ. ಅವಳು ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಸರಿ ಎಂದಳು. ಇಬ್ಬರೂ ಊಟ ಮಾಡಿದೆವು.

ಆ ಕಣ್ಣು ಮುಚ್ಚಿದವಳು ನಾನು, ಮಾಸ್.

ಮೇ ತಿಂಗಳ ಕೊನೆಯ ಶನಿವಾರ. ಸಾಲು ಬರೆದು ಮುಗಿಸಿದ್ದೆ. ದಾರ್ಸಿಯಕ್ಕ ಬಂದು ನನ್ನ ಹೆಗಲ ಮೇಲಿಂದ ಇಣುಕಿ, "ಎಷ್ಟು ಚೆನ್ನಾಗಿ ಕಾಣ್ತಿದೆ ಕಣೇ, ದಿನಾ ಒಂದೇ ತಟ್ಟೇಲಿ ಉಣ್ಣೋ ಗಂಡ ಹೆಂಡ್ತಿ ಥರ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅವರು ಹೋದ ಮೇಲೆ ಆ ಎರಡು ಹೆಸರುಗಳನ್ನೇ ನೋಡುತ್ತ ಕೂತೆ. ಕಿನಾಂತಿಗೆ ಡೆಂಗಿ ಬಂದು ಹನ್ನೊಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು ನಾನೊಬ್ಬಳೇ. ಪದವಿ ಪ್ರದಾನದಲ್ಲಿ ಅವಳ ಪಕ್ಕ ಫೋಟೋಗೆ ನಿಂತವಳು ಒಬ್ಬಳೇ. ಹನಾಫಿಯ ಮನೆಯವರು ಹೆಣ್ಣು ಕೇಳಲು ಬಂದಾಗ ಗಂಡಸರಿಲ್ಲದ ಮನೆಯಲ್ಲಿ ಎದ್ದು ಮಾತಾಡಿದವಳೂ ಒಬ್ಬಳೇ. ಹಾಗಿರುವಾಗ ಮೊದಲ ಹೆಸರು ನಿಮ್ಮದು. ಒಂದು ಸಲ ನಿಮ್ಮ ಹೆಸರಿಲ್ಲದೆ ಹೇಗೆ ಕಾಣುತ್ತದೆ ನೋಡೋಣ ಎನ್ನಿಸಿತು. ಫೋನಿನ ಕಣ್ಣು ಮುಚ್ಚಿದೆ. ಕೈಯಲ್ಲಿ ಫೋನು ಹಿಡಿದು ನೋಡಿದೆ. ಚೆನ್ನಾಗಿ ಕಂಡಿತು. ಸುಳ್ಳು ಹೇಳುವುದಿಲ್ಲ, ಬಹಳ ಚೆನ್ನಾಗಿ ಕಂಡಿತು.

ಆಮೇಲೆ ತೆರೆಯಲು ಮರೆತೆ ಎಂದು ಬರೆಯಬಹುದು. ಮಕ್ಕಳ ಮದುವೆಯ ಗಡಿಬಿಡಿ, ಹಬ್ಬ ಬೇರೆ ಹತ್ತಿರ, ಮರೆವು ಬರುವ ವಯಸ್ಸು. ನೀವೂ ನಂಬುತ್ತಿದ್ದಿರೇನೋ. ಆದರೆ ಮರೆತಿರಲಿಲ್ಲ. ಭಾನುವಾರ ಪುಟವನ್ನು ಊರಿಗೆ ಬಿಡುವ ಬಟನ್ನಿನ ಮೇಲೆ ಬೆರಳಿಟ್ಟಾಗ ನನಗೆ ನೆನಪಿತ್ತು. ಬೆರಳು ಒಂದು ಗಳಿಗೆ ನಿಂತಿತು. ಒತ್ತಿದೆ. ಯಾರಾದರೂ ಕೇಳಿದರೆ ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿದರಾಯಿತು ಎಂದುಕೊಂಡೆ. ನೀವು ಅಷ್ಟು ಜನರನ್ನು ಸೇರಿಸಿಕೊಂಡು ನೋಡುತ್ತೀರಿ ಎಂದು ನನಗೆ ತೋಚಲಿಲ್ಲ. ನೀವು ನೋಡುವುದೇ ಇಲ್ಲ ಎಂದುಕೊಂಡಿದ್ದೆ.

ಇದೇ ನಾನು ಮಾಡಿದ ಮೊದಲ ತಪ್ಪೂ ಅಲ್ಲ. ನಾಲ್ಕು ವರ್ಷದ ಹಿಂದೆ ಅಂಗಡಿಯಲ್ಲಿ ಗಿರಾಕಿಗಳ ಎದುರು, "ಇವರನ್ನ ಬಿಡಿ, ಇವರಿಗೆ ಶಾಯಿ ಒಣಗೋದನ್ನ ನೋಡ್ತಾ ಕೂರೋದೇ ಕೆಲಸ" ಎಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆ ವಾರವೇ ನಿಮ್ಮ ಅಣ್ಣನ ಬಾಟಿಕ್ ಶೆಡ್ಡಿಗೆಂದು ಹೊರಟಿರಿ, ಹದಿನೈದು ದಿನಕ್ಕೆ ಎಂದಿರಿ. ಆ ಮಾತಿಗೆ ನಾನು ಈವರೆಗೆ ಕ್ಷಮೆ ಕೇಳಿಲ್ಲ. ಕೆಲಸ ಕೈ ಬಿಟ್ಟ ಗಂಡಸನ್ನು ನಾಲ್ಕು ಜನರೆದುರು ಕುಟುಕಿದ್ದು ತಪ್ಪು. ಈಗ ಕೇಳುತ್ತಿದ್ದೇನೆ. ನೀವು ನಾಲ್ಕು ವರ್ಷ ಒಂದು ಸಲವೂ ಬಾಗಿಲಿಗೆ ಬರಲಿಲ್ಲವೆಂಬ ನನ್ನ ಸಿಟ್ಟು ಅದರಿಂದ ಕಡಿಮೆಯಾಗಿಲ್ಲ, ಅದನ್ನೂ ತಿಳಿದುಕೊಂಡಿರಿ. ಅದನ್ನು ಎದುರಿಗೆ ಬಂದಾಗ ಆಡುತ್ತೇನೆ.

ಆದರೆ ಇದೆಲ್ಲ ನಮ್ಮಿಬ್ಬರದು. ಮಗಳದ್ದು ಇದರಲ್ಲಿ ಏನೂ ಇಲ್ಲ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹಾರವೇ ತಪ್ಪು ಎಂದು ನಂಬಿದ್ದಾಳೆ, ನಿಮಗೂ ಹಾಗೇ ಹೇಳಿದ್ದಾಳೆ ಅಂದುಕೊಂಡಿದ್ದೇನೆ. ನೀವು ಬರುವುದಿಲ್ಲ ಎಂದ ದಿನ ಅವಳು ಅಳಲೂ ಇಲ್ಲ. ಅಪ್ಪ ಬರಲ್ವಂತೆ, ಬರೆದು ಕಳಿಸ್ತಾರಂತೆ ಎಂದಷ್ಟೇ ಹೇಳಿ, ಮದುವೆ ಕಚೇರಿಗೆ ಕೊಡಬೇಕಾದ ಕಾಗದಗಳ ಪಟ್ಟಿ ಮಾಡುತ್ತ ಕೂತಳು. ನಿಮ್ಮ ಹಾಗೆಯೇ, ನೋವಾದಾಗ ಕೆಲಸ ಹುಡುಕಿಕೊಳ್ಳುತ್ತಾಳೆ. ಸಿಟ್ಟು ನನ್ನ ಮೇಲಿರಲಿ, ಅದನ್ನು ಅವಳ ನಿಕಾಹಿಗೆ ತರಬೇಡಿ. ಶನಿವಾರವೇ ಬನ್ನಿ. ನನ್ನ ಜೊತೆ ಮಾತಾಡಬೇಕೆಂದಿಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ ಕೂರಬೇಕೆಂದೂ ಇಲ್ಲ. ಬಾಟಿಕ್ ಪಂಚೆ ಕಪಾಟಿನಲ್ಲಿದೆ, ಇಸ್ತ್ರಿ ಮಾಡಿಸಿದ್ದೇನೆ. ಈಗ ಪುಟ ತೆರೆದು ನೋಡಿ, ಫೋನಿನಲ್ಲೇ ನೋಡಿ. ನಿಮ್ಮ ಹೆಸರು ಮೊದಲಿದೆ.

ಇಂತಿ, ಇನ್ನೂ ನಿಮ್ಮ ಹೆಂಡತಿಯೇ ಆದ
ಕುಸ್ಮಿಯಾತಿ

ತಾ.ಕ.: ವಿಳಾಸ ಬರೆಸಲು ದಾರ್ಸಿಯಕ್ಕನ ಮನೆಗೆ ಹೋಗಿದ್ದೆ. ಪತ್ರ ಮೇಜಿನ ಮೇಲೇ ಇತ್ತು. ಬಂದು ನೋಡಿದರೆ, ಅಷ್ಟರಲ್ಲಿ ಸೆಮರಾಂಗಿನಿಂದ ಬಂದಿದ್ದ ಕಿನಾಂತಿ ಓದಿ ಮುಗಿಸಿ ಕೂತಿದ್ದಳು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವಳು ಬೈಯಲಿಲ್ಲ. ಸೋಟೋ ತಂದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಈ ತಂತ್ರಾಂಶ ಪ್ರತಿ ಬದಲಾವಣೆಯನ್ನೂ ದಿನ, ಗಂಟೆ ಸಮೇತ ಬರೆದಿಡುತ್ತದೆಯಂತೆ. ಅದನ್ನು ನನಗೆ ಕಲಿಸಿಯೇ ಇರಲಿಲ್ಲ. ಶನಿವಾರ ಹತ್ತೂ ನಲವತ್ತಕ್ಕೆ ಕಣ್ಣು ಮುಚ್ಚಿದ್ದು, ಆಗ ಮನೆಯಲ್ಲಿದ್ದವಳು ನಾನೊಬ್ಬಳೇ ಎಂದು ಅವಳಿಗೆ ಆಗಲೇ ಲೆಕ್ಕ ಸಿಕ್ಕಿತ್ತು.

ನಿಮಗೆ ಅವಳು ಹೇಳಿದ್ದು ಹಾರದ ಕಥೆಯನ್ನಲ್ಲವಂತೆ. ತಾನೇ ಬೇಕೆಂದು ನಿಮ್ಮ ಹೆಸರು ತೆಗೆದೆ ಎಂದಳಂತೆ. ಯಾಕೆ ಹಾಗಂದೆ ಎಂದು ಕೇಳಿದರೆ ಹೇಳುತ್ತಾಳೆ: "ನೀನು ಅಂತ ಗೊತ್ತಾದ್ರೆ ಅಪ್ಪ ಇನ್ನೂ ನಾಲ್ಕು ವರ್ಷ ಬರ್ತಿರಲಿಲ್ಲ. ನನ್ನ ಮೇಲೆ ಆದ್ರೆ ಒಂದು ವಾರದ ಸಿಟ್ಟು ಅಂದ್ಕೊಂಡೆ."

ಮಾಸ್, ಅವಳು ನಿಮ್ಮ ಹೆಸರನ್ನು ಮುಟ್ಟಲಿಲ್ಲ. ಅಧಿಕಾರಿಯೇ ವಲಿಯಾಗಲಿ ಎಂದು ಬರೆದುಕೊಟ್ಟು ಕಳಿಸಿದ ನಿಮ್ಮ ಕಾಗದ ಸೋಮವಾರವೇ ಅವಳ ಕೈಗೆ ಬಂದಿದೆಯಂತೆ. ಅವಳು ಅದನ್ನು ಇನ್ನೂ ಕಚೇರಿಗೆ ಕೊಟ್ಟಿಲ್ಲ.